ನಂಬಿಕೆ ಉಂಟು ಮಾರಾಯ್ತಿ, ಕಾರ್ಡೇ ಎರಡುಂಟು

"ಆರೋಗ್ಯದಲ್ಲಿ ಕೇರಳ ನಂಬರ್ ಒನ್ ಅಂತಾರೆ, ಮತ್ತೆ ನೀವು ಕಾಸರಗೋಡಿನವರು ಮಗುವಿನ ಚುಚ್ಚುಮದ್ದಿಗೂ ಗಡಿ ದಾಟಿ ಯಾಕೆ ಓಡ್ತೀರಿ, ಅಲ್ಲಿನ ಲಸಿಕೆ ಮೇಲೆ ನಂಬಿಕೆ ಇಲ್ವಾ?" ಅಂತ ಕೇಳಿದೆಯಲ್ಲ, ಬೆಂಗಳೂರಲ್ಲಿ ಕೂತು ಕೇಳುವುದು ಸುಲಭ. ಉತ್ತರ ಉದ್ದ ಆಗುತ್ತದೆ, ತಾಳ್ಮೆಯಿಂದ ಓದು.

ಲಸಿಕೆಗೆ ಅಂತ ಇಲ್ಲಿ ಯಾರೂ ಓಡುವುದಿಲ್ಲ. ಹೆರಿಗೆಗೆ, ಬಾಣಂತನಕ್ಕೆ ಹೋಗುತ್ತೇವೆ. ನನ್ನ ಗಂಡನ ಮನೆ ಪೆರ್ಲದ ಕಡೆ, ತವರು ವಿಟ್ಲ. ಸಾರಡ್ಕ ದಾಟಿದರೆ ಕರ್ನಾಟಕ. ಈ ಗಡಿ ಬಂದದ್ದು 1956ರಲ್ಲಿ, ನಮ್ಮ ಕೊಡುಕೊಳ್ಳುವ ಸಂಬಂಧ ಅದಕ್ಕಿಂತ ಎಷ್ಟೋ ಹಳೆಯದು. ಗಡಿ ವಿವಾದ ನೋಡಲು ನೇಮಿಸಿದ್ದ ಮಹಾಜನ ಆಯೋಗದ ವರದಿ 1967ರಲ್ಲೇ ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಅಂದಿತ್ತು. ನಮ್ಮ ಅಜ್ಜಂದಿರು ಅದನ್ನು ಮಾತಾಡಿ ಮಾತಾಡಿಯೇ ಹೋದರು. ಅದು ಬಿಡು.

ಸಮಸ್ಯೆ ಇರುವುದು ಕಾರ್ಡಲ್ಲಿ. ಹುಟ್ಟಿದಾಗ ಹಾಕುವ ಬಿಸಿಜಿ (ಕ್ಷಯರೋಗದ್ದು), ಪೋಲಿಯೋ ಹನಿ, ಹೆಪಟೈಟಿಸ್ ಬಿ, ಆಮೇಲೆ ಆರು ವಾರದ್ದು, ಹತ್ತು ವಾರದ್ದು ಎಲ್ಲ ತವರಲ್ಲಿ, ಕರ್ನಾಟಕದ ತಾಯಿ ಕಾರ್ಡಿನಲ್ಲಿ. ಹದಿನಾಲ್ಕು ವಾರದ್ದಕ್ಕೆ ಮಗು ಇಲ್ಲಿಗೆ ಬಂದಿರುತ್ತದೆ, ಇಲ್ಲಿ ಮಲಯಾಳದ ಬೇರೆ ಕಾರ್ಡು. ಅಲ್ಲಿ ಮಗುವಿಗೆ ಇನ್ನೂ ಹೆಸರಿಟ್ಟಿರಲಿಲ್ಲ, ಹಾಗಾಗಿ "ಬೇಬಿ ಆಫ್" ಅಂತ ನನ್ನ ಹೆಸರು, ಅದೂ ತವರಿನ ಇನಿಷಿಯಲ್ ಸೇರಿಸಿ, ಜೊತೆಗೆ ಅಮ್ಮನ ಮೊಬೈಲ್ ನಂಬರ್. ಇಲ್ಲಿ ನಾಮಕರಣದ ಹೆಸರು, ಗಂಡನ ನಂಬರ್. ಈಗ ಯು-ವಿನ್ ಅಂತ ಸರ್ಕಾರದ ಆನ್‌ಲೈನ್ ಲಸಿಕೆ ದಾಖಲೆ ಬಂದಿದೆ, ದೇಶದ ಯಾವ ಮೂಲೆಯಲ್ಲಿ ಹಾಕಿಸಿದರೂ ಒಂದೇ ಕಡೆ ಕಾಣಬೇಕಂತೆ. ಕಾಣಬೇಕಾದರೆ ಎರಡೂ ಒಂದೇ ಮಗು ಅಂತ ಅದಕ್ಕೆ ಗೊತ್ತಾಗಬೇಕಲ್ಲ! ಅಲ್ಲಿಯ ಆಶಾ ಕಾರ್ಯಕರ್ತೆ ನನ್ನ ಅಮ್ಮನಿಗೆ ಫೋನ್ ಮಾಡಿ "ಮೊಮ್ಮಗುವಿನ ಮೂರನೇ ಡೋಸ್ ಬಾಕಿ" ಅಂತಾರೆ. ಇಲ್ಲಿಯ ಸಿಸ್ಟರ್ "ಒಂದು, ಎರಡು ಕಾಣ್ತಾ ಇಲ್ಲ" ಅಂತಾರೆ. ಎಲ್ಲ ಹಾಕಿಸಿಕೊಂಡ ಮಗು ಎರಡೂ ರಾಜ್ಯದಲ್ಲಿ ಸಾಲಗಾರ.

ಕಾರ್ಡು ಕಳೆದುಹೋದರೆ ಇನ್ನೂ ತಮಾಷೆ. "ಮೊದಲಿನಿಂದ ಶುರು ಮಾಡಬೇಕಂತೆ" ಅಂತ ಯಾರೋ ಹೇಳುತ್ತಾರೆ, ಮಗುವಿಗೆ ಮತ್ತೆ ಅಷ್ಟೂ ಚುಚ್ಚಿಸಬೇಕಾ ಅಂತ ತಾಯಿ ಮನೆಯಲ್ಲೇ ಕೂತುಬಿಡುತ್ತಾಳೆ. ಹಾಗೇನಿಲ್ಲ. ತಡವಾದರೆ ನಿಂತಲ್ಲಿಂದ ಮುಂದುವರಿಸುವುದು, ಅಷ್ಟೇ.

2017 ನೆನಪಿದೆಯಾ? ದಡಾರ-ರುಬೆಲ್ಲಾ ಅಭಿಯಾನ ಕರ್ನಾಟಕದಲ್ಲಿ ಫೆಬ್ರವರಿಯಲ್ಲಿ ಆಯಿತು, ಕೇರಳದಲ್ಲಿ ಅಕ್ಟೋಬರಿನಲ್ಲಿ. ಅಂದರೆ ಗಡಿಯಾಚೆ ಶಾಲೆಗೆ ಹೋಗುವ ನಮ್ಮ ಮಕ್ಕಳಿಗೆ ಅಲ್ಲೊಮ್ಮೆ, ಇಲ್ಲೊಮ್ಮೆ. ಎರಡು ಸಲ ಆದರೆ ಏನಾಗುತ್ತದೋ ಅಂತ ಗಾಬರಿ. ಮೊದಲು ಹಾಕಿಸಿದ್ದರೂ ಅಭಿಯಾನದಲ್ಲಿ ಹಾಕಿಸಬಹುದು, ಅಪಾಯ ಇಲ್ಲ ಅನ್ನುವುದನ್ನು ನಮಗೆ ಅರ್ಥವಾಗುವ ಹಾಗೆ ಹೇಳಲು ಯಾರೂ ಸಿಗಲಿಲ್ಲ. ಅಷ್ಟರಲ್ಲಿ ವಾಟ್ಸಾಪಿನಲ್ಲಿ "ಇದು ಮುಂದೆ ಮಕ್ಕಳಾಗದ ಹಾಗೆ ಮಾಡುವ ಮದ್ದು" ಅಂತ ಬಂತು. ಶುದ್ಧ ಸುಳ್ಳು, ಆದರೆ ಬಂದದ್ದು ಒಳ್ಳೆ ಕನ್ನಡದಲ್ಲಿ.

ಇದೇ ನನ್ನ ಸಿಟ್ಟು ನೋಡು. ಸುಳ್ಳು ಕನ್ನಡದಲ್ಲಿ ಬರುತ್ತದೆ, ನಿಜ ಮಲಯಾಳದಲ್ಲಿ. ಮಲಯಾಳದ ಮೇಲೆ ನನಗೆ ದ್ವೇಷ ಇಲ್ಲ, ಸಪ್ತಭಾಷೆಯ ನಾಡು ನಮ್ಮದು, ಅಂಗಡಿಯಲ್ಲಿ, ಬಸ್ಸಲ್ಲಿ ಮಾತಾಡುತ್ತೇನೆ. ಓದಲು ಬರುವುದಿಲ್ಲ, ನಾನು ಕಲಿತದ್ದು ಕನ್ನಡ ಶಾಲೆಯಲ್ಲಿ. ಚುಚ್ಚುಮದ್ದಿನ ದಿನ ಸಿಸ್ಟರ್ ಗಡಿಬಿಡಿಯಲ್ಲಿ ಹೇಳಿದ್ದು ಅರ್ಧ ಅರ್ಥವಾಗುತ್ತದೆ, ಉಳಿದರ್ಧಕ್ಕೆ ಚೀಟಿ ಓದೋಣ ಅಂದರೆ ಅದೂ ಮಲಯಾಳ. ರಾತ್ರಿ ಮಗುವಿಗೆ ಜ್ವರ ಬಂದಾಗ ಬೇಕಾಗುವುದು ಆ ಉಳಿದರ್ಧವೇ.

ಹಾಗಾಗಿ ಈಗ ಅಕ್ಕಪಕ್ಕದ ಎಳೆ ಬಾಣಂತಿಯರಿಗೆ ನಾನೇ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಕಾರ್ಡಿನೊಳಗೆ ಇಟ್ಟುಕೊಡುತ್ತೇನೆ. ಪೆಂಟಾ (ಐದು ರೋಗಕ್ಕೆ ಒಂದೇ ಚುಚ್ಚುಮದ್ದು) ಹಾಕಿದ ಮೇಲೆ ಒಂದೆರಡು ದಿನ ಜ್ವರ ಬರಬಹುದು, ಅದಕ್ಕೆ ಹೆಚ್ಚಾಗಿ ಅದರೊಳಗಿನ ನಾಯಿಕೆಮ್ಮಿನ ಭಾಗ ಕಾರಣ. ಪ್ಯಾರಾಸಿಟಮಾಲ್ ಮಗುವಿನ ತೂಕ ನೋಡಿ ಸಿಸ್ಟರ್ ಹೇಳಿದಷ್ಟೇ. ಚುಚ್ಚಿದ ಜಾಗಕ್ಕೆ ತೆಂಗಿನೆಣ್ಣೆ ಹಾಕಿ ತಿಕ್ಕಬೇಡಿ (ಅತ್ತೆಯಂದಿರಿಗೂ ಹೇಳಿ). ಬಿಸಿಜಿ ಹಾಕಿದ ಎಡತೋಳಲ್ಲಿ ಕೆಲವು ವಾರ ಬಿಟ್ಟು ಗುಳ್ಳೆ ಎದ್ದು ಕೀವಾಗುತ್ತದೆ, ಅದು ಆಗಬೇಕಾದ್ದೇ, ಏನೂ ಹಚ್ಚಬೇಡಿ. ಮೂರು ಗಂಟೆ ಬಿಡದೆ ಅತ್ತರೆ, ಫಿಟ್ಸ್ ಬಂದರೆ, ಉಸಿರಿಗೆ ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಓಡಿ. ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿ, ಬಸ್ಸು ತಪ್ಪಿದರೆ ತಪ್ಪಲಿ. ಮಳೆಗಾಲದಲ್ಲಾದರೆ ತೋಟದಲ್ಲಿ ಬಿದ್ದ ಅಡಿಕೆ ಹಾಳೆಯಲ್ಲಿ, ರಬ್ಬರ್ ಚಿಪ್ಪಿನಲ್ಲಿ ನಿಂತ ನೀರು ಚೆಲ್ಲಿ ಅಂತಲೂ ಸೇರಿಸುತ್ತೇನೆ. ಡೆಂಗಿ ಸೊಳ್ಳೆಗೆ ಯಾವ ರಾಜ್ಯವಾದರೇನು.

ಹಾಗೆ ನೋಡಿದರೆ ಲಸಿಕೆಯಲ್ಲಿ ನಾವು ನಿಮಗಿಂತ ಹಿಂದೇನೂ ಇಲ್ಲ. ಆ ಪೆಂಟಾ ಭಾರತದಲ್ಲಿ ಸರ್ಕಾರದಿಂದ ಮೊದಲು ಸಿಕ್ಕಿದ್ದು ಕೇರಳ, ತಮಿಳುನಾಡಿನಲ್ಲಿ, 2011ರ ಕೊನೆಗೆ. ಕರ್ನಾಟಕಕ್ಕೆ ಬಂದದ್ದು ಆಮೇಲೆ.

ಇನ್ನೊಂದು, "ನಿಮಗೆ ಎರಡೂ ಕಡೆ ಲಾಭ" ಅಂತ ನಕ್ಕೆಯಲ್ಲ, ಅದು ಮಾತ್ರ ಹೇಳಬೇಡ. 2020ರ ಮಾರ್ಚಿನಲ್ಲಿ ಕರ್ನಾಟಕ ನಮ್ಮ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿತು. ಮಂಗಳೂರಿನ ಆಸ್ಪತ್ರೆ ತಲುಪಲಾಗದೆ ಜನ ಸತ್ತರು. ಆಗ ಅಲ್ಲಿಯವರಿಗೆ ನಾವು ಕೇರಳದವರು. ಇಲ್ಲಿ ಕನ್ನಡದಲ್ಲಿ ಒಂದು ಚೀಟಿ ಕೇಳಿದರೆ ನಾವು ಕರ್ನಾಟಕದವರು.

ಅಂದಹಾಗೆ ನಿನ್ನ ಮಗನಿಗೆ ಐದು ತುಂಬಿತಲ್ಲ. ಐದರಿಂದ ಆರರೊಳಗೆ ಡಿಪಿಟಿ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯುವಿನದ್ದು) ಬೂಸ್ಟರ್ ಉಂಟು, ಸುಮಾರು ಜನ ಮರೆಯುವುದು ಅದನ್ನೇ. ಹಾಕಿಸಿದ್ಯಾ? ನಿನ್ನ ಹತ್ತಿರ ಇರುವುದು ಒಂದೇ ಕಾರ್ಡು, ನೋಡಿ ಹೇಳು.