ಬೈಪಾಸ್ ಆಗಿ ಏಳು ವಾರ. ವಾಕಿಂಗ್ ಮಾಡುವಾಗ ಅಪ್ಪನ ಎದೆಬಡಿತ ವಾಚಿನಲ್ಲಿ 105 ದಾಟುವುದಿಲ್ಲ, ವಾಕಿಂಗ್ ಮುಗಿದ ಕೂಡಲೇ ಪಾರ್ಕಿನ ಬೆಂಚಿನ ಮೇಲೆ ಕೂತುಬಿಡುತ್ತಾರೆ, ತಲೆ ಸುತ್ತುತ್ತದೆ ಅನ್ನುತ್ತಾರೆ. ಮೆಟೊಪ್ರೊಲಾಲ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಹೃದಯ ಚೇತರಿಸಿಕೊಳ್ಳುತ್ತಿಲ್ಲವೇ?

ಹೃದ್ರೋಗಿಗಳಿಗೆ ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿಸ್ಟ್ ನಾನು. ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಆ 105 ಅಲ್ಲ, "ವಾಕಿಂಗ್ ಮುಗಿದ ಕೂಡಲೇ ಪಾರ್ಕಿನ ಬೆಂಚಿನ ಮೇಲೆ ಕೂತುಬಿಡುತ್ತಾರೆ" ಎಂದು ನೀವು ಬರೆದಿರುವ ಸಾಲು.

105ರ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಮೆಟೊಪ್ರೊಲಾಲ್ ತೆಗೆದುಕೊಳ್ಳುತ್ತಿದ್ದಾರೆ ಎಂದಿದ್ದೀರಿ. ಅದು ಬೀಟಾ ಬ್ಲಾಕರ್, ಬಡಿತವನ್ನು ಏರಗೊಡದಿರುವುದೇ ಅದರ ಕೆಲಸ. ಹಾಗಾಗಿ ಬಡಿತ ಗರಿಷ್ಠ ಎಷ್ಟಕ್ಕೆ ಏರಬಹುದು ಎಂದು ತಿಳಿಯಲು 220ರಲ್ಲಿ ವಯಸ್ಸು ಕಳೆಯುವ ಲೆಕ್ಕ ಅವರಿಗೆ ಹೊಂದುವುದಿಲ್ಲ. ನಾವು ಬಳಸುವುದು ಸ್ವೀಡನ್ನಿನ ಗುನ್ನಾರ್ ಬೋರ್ಗ್ ರೂಪಿಸಿದ 6ರಿಂದ 20ರವರೆಗಿನ ಅಳತೆಯನ್ನು; 6 ಅಂದರೆ ಶ್ರಮವೇ ಇಲ್ಲ, 20 ಅಂದರೆ ಪೂರ್ತಿ ಶ್ರಮ. ಎಷ್ಟು ಶ್ರಮ ಅನ್ನಿಸುತ್ತಿದೆ ಎಂದು ಕೇಳಿದರೆ ಈ ಹಂತದಲ್ಲಿ ಸಾಮಾನ್ಯವಾಗಿ 11ರಿಂದ 13ರೊಳಗೆ ಇರಬೇಕು. ಅಂದರೆ ಪಕ್ಕದಲ್ಲಿ ನಡೆಯುವವರ ಜೊತೆ ಮಾತು ತುಂಡಾಗದೆ ಸಾಗಬೇಕು.

ಈಗ ಬೆಂಚಿಗೆ ಬರೋಣ. ನಡೆಯುವಾಗ ಕಾಲಿನ ರಕ್ತನಾಳಗಳು ಹಿಗ್ಗಿರುತ್ತವೆ, ಮೀನಖಂಡ ಹೆಜ್ಜೆಹೆಜ್ಜೆಗೂ ರಕ್ತವನ್ನು ಹಿಂಡಿ ಮೇಲಕ್ಕೆ ಕಳಿಸುತ್ತಿರುತ್ತದೆ. ಥಟ್ಟನೆ ನಿಂತರೆ ಹಿಂಡುವ ಕೆಲಸ ನಿಂತುಹೋಗುತ್ತದೆ, ನಾಳಗಳು ಮಾತ್ರ ಇನ್ನೂ ಹಿಗ್ಗಿಯೇ ಇರುತ್ತವೆ. ರಕ್ತ ಕಾಲಲ್ಲೇ ಉಳಿದು ಬಿಪಿ ಇಳಿಯುತ್ತದೆ, ತಲೆ ಸುತ್ತುತ್ತದೆ. ಬಿಪಿ ಮಾತ್ರೆಯೂ ಜೊತೆಗಿದ್ದರೆ ಇನ್ನಷ್ಟು. ಕೊನೆಯ ಐದರಿಂದ ಹತ್ತು ನಿಮಿಷ ವೇಗ ಇಳಿಸುತ್ತಾ ಬರುವುದು ಇದಕ್ಕಾಗಿಯೇ. "ಮುಗೀತಲ್ಲ, ಕೂರ್ತೀನಿ ಬಿಡಮ್ಮ" ಎನ್ನುವ ಹಿರಿಯರನ್ನು ದಿನಾ ನೋಡುತ್ತೇನೆ. ಅವರನ್ನು ಎಬ್ಬಿಸಿ ಮತ್ತೆ ನಡೆಸುತ್ತೇನೆ.

ಚೇತರಿಕೆಯನ್ನು ಹೇಳುವುದು ಬಡಿತ ಎಷ್ಟು ಏರಿತು ಅನ್ನುವುದಷ್ಟೇ ಅಲ್ಲ, ಎಷ್ಟು ಬೇಗ ಇಳಿಯಿತು ಅನ್ನುವುದು ಕೂಡ. 1999ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ವೈದ್ಯರು ಪ್ರಕಟಿಸಿದ ಅಧ್ಯಯನದಲ್ಲಿ, ಟ್ರೆಡ್‌ಮಿಲ್ ಪರೀಕ್ಷೆ ಮುಗಿದ ಮೊದಲ ನಿಮಿಷದಲ್ಲಿ ಬಡಿತ 12 ಅಥವಾ ಅದಕ್ಕಿಂತ ಕಡಿಮೆ ಇಳಿದವರಲ್ಲಿ ಮುಂದಿನ ಆರು ವರ್ಷಗಳಲ್ಲಿ ಸಾವು ಹೆಚ್ಚಾಗಿತ್ತು. ಶ್ರಮ ನಿಂತೊಡನೆ ಹೃದಯಕ್ಕೆ ಬ್ರೇಕ್ ಹಾಕುವುದು ಮಿದುಳಿನಿಂದ ಹೃದಯಕ್ಕೆ ಇಳಿಯುವ ವೇಗಸ್ ನರ. ನಿಯಮಿತ ವ್ಯಾಯಾಮದಿಂದ ಆ ಬ್ರೇಕ್ ಸುಧಾರಿಸುತ್ತದೆ. ಆದರೆ ದಯವಿಟ್ಟು ಈ 12ನ್ನು ಮನೆಯಲ್ಲಿ ವಾಚು ಹಿಡಿದು ಲೆಕ್ಕ ಹಾಕಬೇಡಿ. ಅದು ಪೂರ್ತಿ ಶ್ರಮದ ಪರೀಕ್ಷೆಯಿಂದ ಬಂದ ಅಂಕಿ, ಪಾರ್ಕಿನ ನಡಿಗೆಯದಲ್ಲ.

ನಿಮ್ಮ ರಿಹ್ಯಾಬ್ (ಹೃದ್ರೋಗಿಗಳ ಪುನಶ್ಚೇತನ) ಕೇಂದ್ರದಲ್ಲಿ ಆರು ನಿಮಿಷದ ನಡಿಗೆ ಪರೀಕ್ಷೆ ಮಾಡಿಸಲು ಕೇಳಿ. 30 ಮೀಟರ್ ಕಾರಿಡಾರಿನಲ್ಲಿ ಆರು ನಿಮಿಷದಲ್ಲಿ ಎಷ್ಟು ದೂರ ನಡೆಯುತ್ತಾರೆ ಎಂದು ಅಳೆಯುತ್ತಾರೆ, ಕೆಲವು ವಾರ ಬಿಟ್ಟು ಮತ್ತೆ ಅಳೆಯುತ್ತಾರೆ. ಮೊದಲ ದಿನ ಎರಡು ಸಲ ಗೋಡೆ ಹಿಡಿದು ನಿಂತವರು ಹನ್ನೆರಡನೇ ವಾರದಲ್ಲಿ ಎಲ್ಲೂ ನಿಲ್ಲದೆ ಮುಗಿಸಿದಾಗ ನನಗೆ ಈಗಲೂ ಗಂಟಲು ಕಟ್ಟುತ್ತದೆ.

ತಲೆಸುತ್ತಿನ ವಿಷಯವನ್ನು ಮಾತ್ರ ಮುಂದಿನ ಚೆಕಪ್‌ವರೆಗೆ ಇಟ್ಟುಕೊಳ್ಳಬೇಡಿ, ಇವತ್ತೇ ವೈದ್ಯರಿಗೆ ಫೋನ್ ಮಾಡಿ ತಿಳಿಸಿ. ಮಾತ್ರೆಯ ಪ್ರಮಾಣ ಬದಲಿಸಬೇಕಾಗಬಹುದು, ನೀವಾಗಿಯೇ ನಿಲ್ಲಿಸಬೇಡಿ. ಎದೆನೋವು, ತಣ್ಣನೆಯ ಬೆವರು, ಪ್ರಜ್ಞೆ ತಪ್ಪುವುದು ಕಂಡರೆ ಫೋನ್ ಮಾಡುತ್ತಾ ಕೂರದೆ ನೇರ ಆಸ್ಪತ್ರೆಗೆ. ಎರಡು ಮೂರು ದಿನದಲ್ಲಿ ತೂಕ ಎರಡು ಕೆ.ಜಿ. ಏರಿದರೂ ತಡಮಾಡದೆ ತಿಳಿಸಿ.

ವೈದ್ಯರು ನಡೆಯಬಹುದು ಎಂದ ಮೇಲೆ ಒಂದು ದಿನ ನೀವೇ ಜೊತೆಗೆ ಹೋಗಿ. ಬೆಂಚು ಬಂದಾಗ ಕೈ ಹಿಡಿದುಕೊಂಡು ನಿಧಾನವಾಗಿ ಇನ್ನೊಂದು ಸುತ್ತು ಕರೆದುಕೊಂಡು ಹೋಗಿ.