ಗ್ಯಾಲಕ್ಸಿಯ ಅಂಚನ್ನು ಸ್ವಾರ್ಪ್ ತಿಂದುಹಾಕಿದಾಗ

ಪ್ರಶ್ನೆ: ಲಡಾಖ್‌ನ ಹಾನ್ಲೆಯ 2 ಮೀಟರ್ ಚಂದ್ರ ಟೆಲಿಸ್ಕೋಪ್‌ನ ಚಿತ್ರಗಳು ನನ್ನ ಬಳಿ ಇವೆ. ಕೆಲವು 60 ಸೆಕೆಂಡಿನವು, ಕೆಲವು 300 ಸೆಕೆಂಡಿನವು. ಕ್ಯಾಮೆರಾದ ದೋಷ ತೆಗೆಯುವ ಬಯಾಸ್, ಫ್ಲ್ಯಾಟ್ ತಿದ್ದುಪಡಿ ಎಲ್ಲ ಮುಗಿದಿದೆ. ಹಲವು ಚಿತ್ರಗಳನ್ನು ಒಂದಾಗಿಸುವ ಸ್ವಾರ್ಪ್ ತಂತ್ರಾಂಶದಲ್ಲಿ ಸೇರಿಸಿದರೆ 3 ಆರ್ಕ್‌ಮಿನಿಟ್ (ಡಿಗ್ರಿಯ 60ನೇ ಒಂದು ಭಾಗ ಒಂದು ಆರ್ಕ್‌ಮಿನಿಟ್) ಅಗಲದ ಗ್ಯಾಲಕ್ಸಿಯ ಸುತ್ತ ಕಪ್ಪು ಬಳೆ ಕಾಣುತ್ತದೆ. ಹೊರಗಿನ ಮಸುಕು ಬೆಳಕೂ ಮಾಯ. ಫ್ಲ್ಯಾಟ್ ಕೆಟ್ಟಿದೆಯೇ?

ಉತ್ತರ: ಪಾಪ, ಫ್ಲ್ಯಾಟ್ ಏನೂ ಮಾಡಿಲ್ಲ. ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ, ಹಾಗಾಗಿ ಈ ಸಲ ಹೆಚ್ಚಿನ ಜಾಗ ಇದಕ್ಕೇ.

ಸ್ವಾರ್ಪ್‌ನ ಕಾನ್ಫಿಗ್ (ಸೆಟ್ಟಿಂಗ್) ಫೈಲನ್ನು ತೆರೆದು ಓದಿ. ‘ಸಬ್‌ಟ್ರ್ಯಾಕ್ಟ್ ಬ್ಯಾಕ್’ ಎದುರು ‘ವೈ’ (ಹೌದು) ಅಂತ ಇರುತ್ತದೆ. ನೀವು ಹೇಳದಿದ್ದರೂ ಸ್ವಾರ್ಪ್ ಆಕಾಶದ ಹಿನ್ನೆಲೆಯನ್ನು ಕಳೆಯುತ್ತದೆ. ಅಳೆಯುವ ಚೌಕ ‘ಬ್ಯಾಕ್ ಸೈಜ್’, 128 ಪಿಕ್ಸೆಲ್. ಹಾನ್ಲೆಯ ಎಚ್‌ಎಫ್‌ಒಎಸ್‌ಸಿ ಕ್ಯಾಮೆರಾದಲ್ಲಿ ಒಂದು ಪಿಕ್ಸೆಲ್ 0.296 ಆರ್ಕ್‌ಸೆಕೆಂಡ್ (ಆರ್ಕ್‌ಮಿನಿಟ್‌ನ 60ನೇ ಒಂದು ಭಾಗ ಒಂದು ಆರ್ಕ್‌ಸೆಕೆಂಡ್), ಅಂದರೆ ಚೌಕದ ಬದಿ ಬರೀ 38 ಆರ್ಕ್‌ಸೆಕೆಂಡ್. ನಿಮ್ಮ ಗ್ಯಾಲಕ್ಸಿ ಸುಮಾರು 600 ಪಿಕ್ಸೆಲ್ ಅಗಲ. ಚೌಕ ಪೂರ್ತಿ ಗ್ಯಾಲಕ್ಸಿಯೊಳಗೇ ಕೂತಿದೆ, ಅಲ್ಲಿ ಆಕಾಶ ಎಲ್ಲಿಂದ ಬರಬೇಕು? ಗ್ಯಾಲಕ್ಸಿಯ ಬೆಳಕನ್ನೇ ಆಕಾಶ ಅಂದುಕೊಂಡು ಕಳೆದುಬಿಡುತ್ತದೆ.

‘512 ಮಾಡಿ, ಸಾಕು’ ಅನ್ನುವವರ ಮಾತು ಕೇಳಬೇಡಿ. 600ರ ಮುಂದೆ 512 ಇನ್ನೂ ಚಿಕ್ಕದೇ. ಪ್ರತಿ ಚಿತ್ರದಲ್ಲೂ ಗ್ಯಾಲಕ್ಸಿಯಿಂದ ದೂರ, ನಕ್ಷತ್ರವಿಲ್ಲದ ಜಾಗದಲ್ಲಿ ಆಕಾಶವನ್ನು ನೀವೇ ಅಳೆಯಿರಿ. ‘ಬ್ಯಾಕ್ ಟೈಪ್’ ಅನ್ನು ಮ್ಯಾನ್ಯುಯಲ್ ಮಾಡಿ, ಆ ಸಂಖ್ಯೆಗಳನ್ನು ‘ಬ್ಯಾಕ್ ಡಿಫಾಲ್ಟ್’ನಲ್ಲಿ ಫೈಲ್‌ಗಳ ಕ್ರಮದಲ್ಲೇ ಕೊಡಿ. ಬೆಳದಿಂಗಳಿನಿಂದ ಆಕಾಶ ಒಂದು ಕಡೆ ಹೆಚ್ಚು ಬೆಳಗಿದ್ದರೆ ಒಂದೇ ಸಂಖ್ಯೆ ಸಾಲದು. ಆಗ ಗ್ಯಾಲಕ್ಸಿಯನ್ನು ಮಾಸ್ಕ್ ಮಾಡಿ (ಮರೆಮಾಡಿ), ಉಳಿದ ಆಕಾಶಕ್ಕೆ ಇಳಿಜಾರು ಹೊಂದಿಸಿ ಮೊದಲೇ ಕಳೆಯಿರಿ. ಆಮೇಲೆ ಸ್ವಾರ್ಪ್‌ನ ‘ಸಬ್‌ಟ್ರ್ಯಾಕ್ಟ್ ಬ್ಯಾಕ್’ಗೆ ‘ಎನ್’ (ಬೇಡ) ಹಾಕಿ. ದೂರದ ಪುಟ್ಟ ಗ್ಯಾಲಕ್ಸಿಗಳನ್ನು ಎಣಿಸುವವರಿಗೆ 128 ಚೆನ್ನಾಗಿಯೇ ನಡೆಯುತ್ತದೆ. ನಿಮ್ಮ ಕೆಲಸ ಅದಲ್ಲ.

ನೀವು ಕೇಳದೇ ಬಿಟ್ಟ ದೊಡ್ಡ ತೊಂದರೆ ಇನ್ನೊಂದಿದೆ. ಎಕ್ಸ್‌ಪೋಶರ್ (ಬೆಳಕು ಹಿಡಿದ ಸಮಯ) ಬೇರೆ ಬೇರೆ ಅಂತ ಸ್ವಾರ್ಪ್‌ಗೆ ತಾನಾಗಿ ತಿಳಿಯುವುದಿಲ್ಲ. ಅದು ನೋಡುವುದು ಚಿತ್ರದ ಫೈಲಿನ ಮಾಹಿತಿ ಭಾಗವಾದ ಹೆಡರ್‌ನಲ್ಲಿರುವ, ಬೆಳಕನ್ನು ಗುಣಿಸುವ ‘ಫ್ಲಕ್ಸ್‌ಸ್ಕೇಲ್’ ಸಂಖ್ಯೆ ಮಾತ್ರ. ಅದಿಲ್ಲದಿದ್ದರೆ 1 ಅಂದುಕೊಳ್ಳುತ್ತದೆ. 300ರ ಅಳತೆಗೆ ತರಲು 60 ಸೆಕೆಂಡಿನ ಚಿತ್ರಕ್ಕೆ 5 ಬೇಕು. ತೆಳು ಮೋಡ ಹಾದುಹೋಗಿದ್ದರೆ ಆ 5 ಕೂಡ ಸರಿಯಲ್ಲ. ಸ್ಕ್ಯಾಂಪ್ ಎಂಬ ಜೊತೆ ತಂತ್ರಾಂಶ ಓಡಿಸಿ, ಅದು ನಕ್ಷತ್ರಗಳನ್ನೇ ಹೋಲಿಸಿ ಸಂಖ್ಯೆ ಬರೆಯುತ್ತದೆ. ಸೇರಿಸಿದ ಮೇಲೆ ನಾಲ್ಕೈದು ನಕ್ಷತ್ರಗಳ ಫ್ಲಕ್ಸ್ (ಬೆಳಕಿನ ಪ್ರಮಾಣ) ಅನ್ನು ಮೂಲ ಚಿತ್ರದ ಜೊತೆ ಹೋಲಿಸದೆ ನಾನಂತೂ ಮುಂದೆ ಹೋಗುವುದಿಲ್ಲ. ‘ಡಿಲೀಟ್ ಟೆಂಪ್‌ಫೈಲ್ಸ್’ ಕೂಡ ‘ಎನ್’ ಮಾಡಿ. ಆಗ ಅಳಿಯದೆ ಉಳಿಯುವ, ರೀಸ್ಯಾಂಪಲ್ ಆದ (ಹೊಸ ಪಿಕ್ಸೆಲ್ ಜಾಲಕ್ಕೆ ಹೊಂದಿಸಿದ) ಚಿತ್ರಗಳನ್ನು ಚಿತ್ರ ನೋಡುವ ತಂತ್ರಾಂಶ ಡಿಎಸ್9ನಲ್ಲಿ ಒಂದೊಂದಾಗಿ ನೋಡಿದರೆ ಕೆಟ್ಟದ್ದು ಯಾವುದು ಅಂತ ಗೊತ್ತಾಗುತ್ತದೆ.

ಪ್ರಶ್ನೆ: ಜಾಸ್ತಿ ಚಿತ್ರ ಸೇರಿಸಿದರೆ ವಿವರ ಹೆಚ್ಚುತ್ತದೆಯೇ?

ಉತ್ತರ: ಇಲ್ಲ. 16 ಒಂದೇ ತರಹದ ಚಿತ್ರ ಸರಾಸರಿ ಮಾಡಿದರೆ ನಾಯ್ಸ್ (ಅಡ್ಡಾದಿಡ್ಡಿ ಏರಿಳಿತ) ಕಾಲು ಭಾಗಕ್ಕೆ ಇಳಿಯುತ್ತದೆ, ಅಷ್ಟೇ.

ಪ್ರಶ್ನೆ: ಎಲ್ಲ ಟೆಲಿಸ್ಕೋಪ್‌ಗೂ ಆಗುವ ರೆಡಿಮೇಡ್ ಕಾನ್ಫಿಗ್ ಫೈಲ್ ಸಿಕ್ಕಿದೆ. ಬಳಸಲೇ?

ಉತ್ತರ: ಬೇಡ. ಪಿಕ್ಸೆಲ್ ಅಳತೆ, ಗೇನ್ (ಎಲೆಕ್ಟ್ರಾನ್‌ಗಳನ್ನು ಎಣಿಕೆಗೆ ಬದಲಿಸುವ ಅನುಪಾತ), ನಿಮ್ಮ ಗುರಿ ಮೂರೂ ಬೇರೆ. ಅಂಥ ಫೈಲ್ ಹಂಚುವವರಿಂದ ಎಷ್ಟೋ ವಿದ್ಯಾರ್ಥಿಗಳ ಕೆಲಸ ಹಾಳಾಗುತ್ತಿದೆ.

ಪ್ರಶ್ನೆ: ಮೊದಲು ಎಐ ಆ್ಯಪ್‌ನಲ್ಲಿ ನಾಯ್ಸ್ ತೆಗೆದು ಆಮೇಲೆ ಸೇರಿಸಬಹುದೇ?

ಉತ್ತರ: ಗೋಡೆಗೆ ತೂಗುಹಾಕಲು ಆದರೆ ಮಾಡಿ. ಅಳತೆಗೆ ಖಂಡಿತ ಬೇಡ.

ಪ್ರಶ್ನೆ: ನಕ್ಷತ್ರಗಳೆಲ್ಲ ಜೋಡಿಜೋಡಿಯಾಗಿ ಬಂದಿವೆ, ಏಕೆ?

ಉತ್ತರ: ಹೆಡರ್‌ನ ಡಬ್ಲ್ಯುಸಿಎಸ್, ಅಂದರೆ ಯಾವ ಪಿಕ್ಸೆಲ್ ಆಕಾಶದಲ್ಲಿ ಎಲ್ಲಿದೆ ಎನ್ನುವ ಲೆಕ್ಕ, ತಪ್ಪಿದೆ. ಸ್ವಾರ್ಪ್ ನಕ್ಷತ್ರ ನೋಡಿ ಹೊಂದಿಸುವುದಿಲ್ಲ, ಹೆಡರ್ ಹೇಳಿದ್ದನ್ನೇ ನಂಬುತ್ತದೆ.