ಕಡತ ಗಣಕಕ್ಕೇರಿದ ಮೇಲೆ ಕಲಿಕೆ

ಪ್ರಶ್ನೆ: ತಾಲ್ಲೂಕು ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕನಾಗಿದ್ದೇನೆ. ಹೊಸ ತಂತ್ರಾಂಶ ಬಂದಾಗಲೆಲ್ಲ ಒಂದು ದಿನದ ತರಬೇತಿ ಕೊಡುತ್ತಾರೆ; ಮರುದಿನ ಪರದೆಯ ಮುಂದೆ ಕುಳಿತರೆ ಕಿರಿಯರನ್ನೇ ಕರೆಯಬೇಕಾಗುತ್ತದೆ. ಐವತ್ತು ದಾಟಿದ ನಾನು ಕಲಿಯುವುದು ಹೇಗೆ?

– ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ನಿಮ್ಮ ಕಂದಾಯ ಇಲಾಖೆಯೇ ಇದಕ್ಕೆ ಹಳೆಯ ಪಾಠಶಾಲೆ. ಭೂಮಿ ಯೋಜನೆಯಡಿ ರಾಜ್ಯದ ಅಂದಿನ 177 ತಾಲ್ಲೂಕುಗಳ ಪಹಣಿ (ಜಮೀನಿನ ಒಡೆತನ, ಬೆಳೆಗಳ ದಾಖಲೆ) ಗಣಕಕ್ಕೇರಿದಾಗ, ರೈತರು 15 ರೂಪಾಯಿ ಕೊಟ್ಟು ಕಿಟಕಿಯಲ್ಲೇ ಪಹಣಿ ಪಡೆಯುವಂತಾದದ್ದು ಎಲ್ಲರ ಕಣ್ಣಿಗೂ ಬಿತ್ತು. ಆದರೆ ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ಮುಂದೆ ಸಾಗಬೇಕಾದದ್ದು, ದಾಖಲೆ ತಿದ್ದಿದವರು ಯಾರೆಂಬುದು ಬೆರಳಚ್ಚಿನಿಂದಲೇ ಗೊತ್ತಾಗುವಂತಾದದ್ದು ಅದಕ್ಕಿಂತ ದೊಡ್ಡ ಬದಲಾವಣೆ. ಕೈಬರಹದ ಪಹಣಿಯಲ್ಲಿ ಸರ್ವೆ ನಂಬರಿನ ಹಿಸ್ಸಾ (ಉಪವಿಭಾಗ) ತಪ್ಪಿದ್ದರೆ ಅದನ್ನು ಹಿಡಿಯಬಲ್ಲವರು ನಿಮ್ಮಂಥ ಅನುಭವಿಗಳೇ ಹೊರತು ಕೀಲಿಮಣೆ ಬಲ್ಲ ಹುಡುಗರಲ್ಲ (ತರಬೇತಿ ಕೊಡುವವರು ಇದನ್ನು ಮರೆಯುತ್ತಾರೆ). ಆದ್ದರಿಂದ ಕಿರಿಯರನ್ನು ಕರೆಯಲು ಸಂಕೋಚ ಬೇಡ. ಆದರೆ ಮೌಸ್ ನಿಮ್ಮ ಕೈಯಲ್ಲೇ ಇರಲಿ, ಅವರು ಬಾಯಲ್ಲಿ ಹೇಳಲಿ. ಒಂದೇ ಅರ್ಜಿಯನ್ನು ಆರಂಭದಿಂದ ವಿಲೇವಾರಿಯವರೆಗೆ ನೀವೇ ನಡೆಸಿ, ಪ್ರತಿ ಹಂತವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕೆಲಸ ಬೇಗ ಮುಗಿಯಲೆಂದು ಪಾಸ್‌ವರ್ಡನ್ನು ಮಾತ್ರ ಯಾರಿಗೂ ಕೊಡಬೇಡಿ, ಏಕೆಂದರೆ ಆ ಲಾಗಿನ್‌ನಲ್ಲಿ ನಡೆದ ಪ್ರತಿಯೊಂದು ತಿದ್ದುಪಡಿಯೂ ನಿಮ್ಮ ಹೆಸರಿನಲ್ಲೇ ದಾಖಲಾಗುತ್ತದೆ.